ಒಂದೂ ತಪ್ಪಿಲ್ಲದ ದೃಶ್ಯ

ಹೊಸ ಅಳಿಯ ಮೊದಲ ಸಲ ಮನೆಗೆ ಊಟಕ್ಕೆ ಬಂದ ದಿನವೇ ಅದು ಆಗಬೇಕಿತ್ತೇ? ಊಟ ಮುಗಿಸಿ ಎಲ್ಲರೂ ನಡುಮನೆಯಲ್ಲಿ ಕಾಲು ಚಾಚಿಕೊಂಡು ಕೂತಿದ್ದಾಗ ಅವನು ಫೋನು ತೆಗೆದು, "ಮಾವ, ಇದನ್ನ ನೋಡಿ, ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತೆ" ಅಂದ. ಸಿನಿಮಾಗಳಲ್ಲಿ ಆಗುವ ತಪ್ಪುಗಳನ್ನು ಹೆಕ್ಕಿ ತೋರಿಸುವವನೊಬ್ಬನ ವಿಡಿಯೋ ಅದು. ನಾಯಕ ಬಾಗಿಲ ಹೊರಗೆ ನಿಂತಾಗ ಬ್ಯಾಂಡೇಜು ಎಡಗೈಯಲ್ಲಿತ್ತು. ಹೊಸಿಲು ದಾಟಿ ಒಳಗೆ ಬಂದರೆ ಬಲಗೈಯಲ್ಲಿತ್ತು. ವಿಡಿಯೋ ಮಾಡಿದವನು ಆ ತುಣುಕನ್ನು ಹಿಂದೆ ಮುಂದೆ ಓಡಿಸಿ, ಗಾಯ ಹೊಸಿಲು ದಾಟುವಾಗಲೆಲ್ಲ ಕತ್ತೆ ಅರಚುವ ಸದ್ದು ಹಾಕಿದ್ದ.

"ಇದನ್ನ ನೋಡ್ಕೊಳ್ಳೋಕೆ ಅಂತಾನೇ ಒಬ್ಬನನ್ನ ಇಟ್ಕೊಂಡಿರ್ತಾರಂತೆ ಮಾವ! ಆ ಮಹಾನುಭಾವ ಏನು ಗೊರಕೆ ಹೊಡೀತಿದ್ನೋ ಏನೋ!"

ಮಗಳು ಗಂಡನ ತೊಡೆ ಜಿಗುಟಿದಳು. ತಡವಾಗಿತ್ತು. ಆ ಮಹಾನುಭಾವ ಅಳಿಯನ ಎದುರಿಗೇ ಕೂತು, ಹಲ್ಲು ಕಚ್ಚಿಕೊಂಡು, ನಗುವ ಹಾಗೆ ಮುಖ ಮಾಡಿದ್ದ.

ಚಿತ್ರೀಕರಣದ ತಂಡದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ದುರ್ಬೀನು ಅಂತ. ಸಿನಿಮಾದಲ್ಲಿ ಒಂದೇ ದೃಶ್ಯದ ಅರ್ಧ ಇವತ್ತು ತೆಗೆದರೆ ಇನ್ನರ್ಧ ಮುಂದಿನ ತಿಂಗಳು ತೆಗೆಯುತ್ತಾರೆ. ಎರಡನ್ನೂ ಅಂಟಿಸಿದಾಗ ಅಂಗಿಯ ಗುಂಡಿ, ಹಣೆಯ ಕೂದಲು, ಮೇಜಿನ ಮೇಲಿನ ಪುಸ್ತಕ, ಎಲ್ಲವೂ ಒಂದಕ್ಕೊಂದು ಕೂಡಿಕೊಳ್ಳಬೇಕು. ಅದನ್ನು ಕೂಡಿಸುವ ಕೆಲಸ ಅವನದು. ನಾಯಕಿಯ ಕಿವಿಯೋಲೆಯ ಕೊಕ್ಕೆ ಒಂದು ಕೂದಲೆಳೆಯಷ್ಟು ತಿರುಗಿದ್ದರೂ ಅವನ ಕಣ್ಣು ತಪ್ಪಿಸುವಂತಿರಲಿಲ್ಲ. ಒಂದು ಕೋಣೆಯನ್ನು ಒಮ್ಮೆ ನೋಡಿದರೆ ಸಾಕು, ಅದು ಅಂಗೈ ರೇಖೆಯಷ್ಟು ಪರಿಚಯವಾಗಿಬಿಡುತ್ತಿತ್ತು. ಈ ಕೆಲಸದ ಕರ್ಮ ಏನೆಂದರೆ, ಸರಿಯಾಗಿ ಮಾಡಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ತಪ್ಪಿದ್ದು ಮಾತ್ರ ಊರಿಗೆಲ್ಲ ಕಾಣುತ್ತದೆ. ಆಯಸ್ಸಿನ ಅರ್ಧ ಭಾಗ ಅವನು ಹೀಗೆ ಕಾಣದಂತೆ ದುಡಿದಿದ್ದ.

ಆ ಬ್ಯಾಂಡೇಜನ್ನಾದರೂ ಅವನು ಕಾಣದೆ ಇದ್ದನೇ? ಕಂಡಿದ್ದ, ಹೇಳಿದ್ದ, ಗಂಟಲು ಹರಿಯುವಂತೆ ಕೂಗಿಯೂ ಇದ್ದ. ನಾಯಕ ಬಾಗಿಲ ಚೌಕಟ್ಟಿಗೆ ಒರಗಿ ಮಾತಾಡುವಾಗ ಗಾಯದ ಕೈ ಕ್ಯಾಮೆರಾಕ್ಕೆ ಮರೆಯಾಗುತ್ತದೆ ಅಂತ ನಿರ್ದೇಶಕ ಅದನ್ನು ಬಿಚ್ಚಿಸಿ ಇನ್ನೊಂದು ಕೈಗೆ ಕಟ್ಟಿಸಿದ್ದ. "ಸಾರ್, ಹೊರಗಡೆ ಶಾಟಲ್ಲಿ ಎಡಗೈ ಇದೆ" ಅಂದಿದ್ದಕ್ಕೆ ನಿರ್ದೇಶಕ, "ಜನ ಮುಖ ನೋಡ್ತಾರೆ ಕಣಯ್ಯಾ, ಕೈ ಯಾವನು ನೋಡ್ತಾನೆ? ಬಿಸಿಲು ಹೋಗ್ತಿದೆ, ತಲೆ ತಿನ್ಬೇಡ" ಅಂದಿದ್ದ. ಇಡೀ ತಂಡ ಅದನ್ನು ಕೇಳಿಸಿಕೊಂಡಿತ್ತು. ಇವತ್ತು ಕೇಳಿದರೆ ಒಬ್ಬರಿಗೂ ನೆನಪಿಲ್ಲ.

ವಿಡಿಯೋ ಮನೆಮನೆ ತಿರುಗಿದ ಮೇಲೆ ಟೀವಿಯವರು ನಿರ್ದೇಶಕನನ್ನು ಆ ಬಗ್ಗೆ ಕೇಳಿದರು. ಅವನು ಗಡ್ಡ ಸವರಿಕೊಂಡು ನಕ್ಕ. "ನಮ್ಮ ಕಂಟಿನ್ಯೂಟಿಯವರಿಗೆ ವಯಸ್ಸಾಯ್ತು, ಕಣ್ಣು ಮಂಜು. ಪಾಪ, ಹಳಬರು ಅಂತ ಇಟ್ಕೊಂಡಿದ್ದೆ." ಬೈದಿದ್ದರೆ ದುರ್ಬೀನು ನುಂಗಿಕೊಳ್ಳುತ್ತಿದ್ದ. ಆ "ಪಾಪ" ಅನ್ನುವ ಮಾತು ಮಾತ್ರ ಗಂಟಲಲ್ಲೇ ಸಿಕ್ಕಿಕೊಂಡಿತು. ಅವನಿಗಿದ್ದ ಆಸ್ತಿ ಅಂದರೆ ಆ ಎರಡು ಕಣ್ಣು. ಅವುಗಳ ಹೆಸರನ್ನೇ ನಿರ್ದೇಶಕ ಮಣ್ಣುಪಾಲು ಮಾಡಿದ್ದ. ಆಮೇಲೆ ಫೋನು ಬರುವುದು ಕಡಿಮೆಯಾಯಿತು, ಕೊನೆಗೆ ನಿಂತೇ ಹೋಯಿತು. ಒಪ್ಪಿಕೊಂಡಿದ್ದ ಒಂದು ಸಿನಿಮಾದವರು ಕೂಡ "ಆಮೇಲೆ ಹೇಳ್ತೀವಿ" ಅಂದರು, ಹೇಳಲಿಲ್ಲ.

ಹೆಂಡತಿ ಸಮಾಧಾನ ಮಾಡಲು ಹೋಗಿ ಗಾಯಕ್ಕೆ ಉಪ್ಪು ಸವರಿದಳು. "ಹೋಗ್ಲಿ ಬಿಡಿ, ಅದು ನೀವು ಅಂತ ಯಾರಿಗೆ ಗೊತ್ತು? ನಿಮ್ಮ ಹೆಸರು ಬರೋದು ಕೊಟ್ಟಕೊನೇಲಿ. ಅಷ್ಟೊತ್ತಿಗೆ ಜನ ಆಗಲೇ ಸ್ಕೂಟರ್ ಸ್ಟಾರ್ಟ್ ಮಾಡಿರ್ತಾರೆ."

ನಿರ್ದೇಶಕನನ್ನು ಕೊಲ್ಲಬೇಕು ಅನ್ನುವ ಯೋಚನೆ ಮೊದಲು ಬಂದದ್ದು ಯಾವಾಗ ಅಂತ ಅವನಿಗೂ ಗೊತ್ತಿಲ್ಲ. ಅದು ಬಂದಾಗ ಭಯವಾಗಲಿಲ್ಲ ಅನ್ನುವುದಷ್ಟೇ ಅವನಿಗೆ ಸೋಜಿಗವೆನಿಸಿತು. ಭಯದ ಬದಲು ಬಂದದ್ದು ಹಳೆಯ ಕೆಲಸದ ಹುರುಪು. ತಿಂಗಳುಗಳ ನಂತರ ಮತ್ತೆ ಒಂದು ದೃಶ್ಯವನ್ನು ಒಪ್ಪವಾಗಿ ಜೋಡಿಸುವ ಅವಕಾಶ ಸಿಕ್ಕಿತ್ತು.

ಸಿನಿಮಾದ ಕೊಲೆಗಳನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಅಲ್ಲಿ ವಿಷ ಕುಡಿದವನು ಕುತ್ತಿಗೆ ಹಿಡಿದುಕೊಂಡು, ಉದ್ದುದ್ದ ಮಾತಾಡಿ, ಮಾತು ಮುಗಿದ ಮೇಲೆ ತಲೆ ವಾಲಿಸುತ್ತಾನೆ. ಬಿಳಿ ಬಟ್ಟೆ ಹೊದಿಸಿದ ಮೇಲೂ ಹೆಣದ ಹೊಟ್ಟೆ ಏರಿಳಿಯುತ್ತಿರುತ್ತದೆ. ವೈದ್ಯ ನಾಡಿ ನೋಡುವುದು ಹೆಬ್ಬೆರಳಿನಲ್ಲಿ. ಕೊಲೆಗಾರನಂತೂ ಅಂಗಿಯ ಗುಂಡಿಯನ್ನೋ ಕರವಸ್ತ್ರವನ್ನೋ ಅಲ್ಲೇ ಬಿಟ್ಟು ಹೋಗದಿದ್ದರೆ ಕತೆ ಮುಂದೆ ಸಾಗುವುದೇ ಇಲ್ಲ. ಕೊಲೆಗಾರ ಸಿಕ್ಕಿಬೀಳುವುದು ಪೊಲೀಸರ ಜಾಣತನದಿಂದಲ್ಲ, ಕತೆ ಬರೆದವನ ಸೋಮಾರಿತನದಿಂದ ಅಂತ ಅವನು ಎಷ್ಟೋ ಸಲ ಗೊಣಗಿದ್ದ. ತನ್ನ ದೃಶ್ಯದಲ್ಲಿ ಇಂಥದ್ದೊಂದಕ್ಕೂ ಎಡೆಕೊಡಬಾರದು ಅಂತ ತೀರ್ಮಾನಿಸಿದ.

ನಿರ್ದೇಶಕನಿಗೆ ನಿದ್ದೆ ಬಾರದ ಕಾಯಿಲೆ ಇದ್ದದ್ದು, ಅದಕ್ಕೆ ಮಾತ್ರೆ ನುಂಗುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಹೃದಯವೂ ಅಷ್ಟಕ್ಕಷ್ಟೆ. ಹೊಸ ಸಿನಿಮಾ ನೆಲಕಚ್ಚಿತ್ತು, ಪತ್ರಿಕೆಗಳು ಹಿಗ್ಗಾಮುಗ್ಗಾ ಬೈದಿದ್ದವು. ಇಂಥ ಮನುಷ್ಯ ಒಂದು ಮಧ್ಯಾಹ್ನ ಬೇಸತ್ತು ಮಾತ್ರೆಯ ಪಟ್ಟಿಯನ್ನೇ ಖಾಲಿ ಮಾಡಿದ ಅಂದರೆ ಯಾರು ಹುಬ್ಬೇರಿಸುತ್ತಾರೆ? ಸಿನಿಮಾದಲ್ಲಾದರೆ ದಿಂಬಿನ ಕೆಳಗೆ ಒಂದು ಚೀಟಿ ಇರಲೇಬೇಕು. ದುರ್ಬೀನು ಚೀಟಿಯ ಗೊಡವೆಗೆ ಹೋಗಲಿಲ್ಲ. ಬರೆಯದೆ ಹೋಗುವವರೇ ಹೆಚ್ಚು ಅಂತ ಎಲ್ಲೋ ಓದಿದ್ದ.

ನಿರ್ದೇಶಕನ ಕಚೇರಿ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿತ್ತು. ಫೋನು ಎತ್ತುವ ಹೆಂಗಸು ಊಟಕ್ಕೆ ಮನೆಗೆ ಹೋದರೆ ಸಂಜೆಯ ಹೊತ್ತಿಗೇ ಮರಳುವುದು. ಹೋಗುವ ಮುಂಚೆ ದಾಳಿಂಬೆ ರಸ ಹಿಂಡಿ, ಗಾಜಿನ ಹೂಜಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟಿರುತ್ತಾಳೆ. ರಕ್ತಕ್ಕೆ ಒಳ್ಳೆಯದೆಂದು ನಿರ್ದೇಶಕ ಅದನ್ನು ದಿನವೂ ಕುಡಿಯುತ್ತಾನೆ, ಕುಡಿದು ಸೋಫಾದ ಮೇಲೆ ಉರುಳುತ್ತಾನೆ. ಕಟ್ಟಡದ ಹಿಂದೆ ಕಬ್ಬಿಣದ ಮೆಟ್ಟಿಲು, ಅದರ ಕೆಳಗೆ ಮುರಿದ ಕುರ್ಚಿಗಳ ರಾಶಿ. ಬಾಗಿಲು ಎಳೆದರೆ ತಾನೇ ಬೀಗ ಬೀಳುತ್ತದೆ. ಇದಿಷ್ಟೂ ಅವನಿಗೆ ಕಣ್ಣು ಮುಚ್ಚಿಕೊಂಡರೂ ಕಾಣುತ್ತಿತ್ತು.

ತಾನು ಆ ಹೊತ್ತಿಗೆ ಎಲ್ಲಿದ್ದೆ ಅನ್ನುವುದಕ್ಕೂ ಉತ್ತರ ಸಿದ್ಧವಾಗಿತ್ತು. ಮೂರು ಬೀದಿ ಆಚೆಯ ಚಿತ್ರಮಂದಿರದ ಬಾಗಿಲು ಕಾಯುವವನಿಗೆ ದುರ್ಬೀನನ್ನು ಕಂಡರೆ ಜೀವ ಹೋದಂತಾಗುತ್ತಿತ್ತು. ಸಿನಿಮಾ ಬಿಟ್ಟ ಕೂಡಲೆ ಇವನು ಅವನನ್ನು ಹಿಡಿದು ನಿಲ್ಲಿಸಿ, ಅದರಲ್ಲಿ ಕಂಡ ತಪ್ಪುಗಳನ್ನೆಲ್ಲ ಒಪ್ಪಿಸುತ್ತಿದ್ದ, ಅವನೇ ಅವುಗಳನ್ನು ಮಾಡಿದನೇನೋ ಅನ್ನುವ ಹಾಗೆ. ಹಿಂದಿನ ದಿನವೇ ನೋಡಿದ್ದ ಸಿನಿಮಾಕ್ಕೆ ಮಧ್ಯಾಹ್ನದ ಟಿಕೆಟು ಕೊಂಡು ಒಳಗೆ ಹೋಗುವುದು, ದೀಪ ಆರಿಸಿದ ಮೇಲೆ ಪಕ್ಕದ ಬಾಗಿಲಿನಿಂದ ಜಾರಿಕೊಳ್ಳುವುದು, ಮುಗಿಯುವ ಹೊತ್ತಿಗೆ ಮರಳಿ ಬಂದು ಅವನ ತಲೆ ತಿನ್ನುವುದು. ಫೋನನ್ನು ಮನೆಯಲ್ಲೇ ಬಿಟ್ಟು ಹೋಗುವುದು, ಕೇಳಿದರೆ ಮರೆತೆ ಅನ್ನುವುದು.

ಮೊದಲು ನಿರ್ದೇಶಕನ ಕಚೇರಿಗೆ ಮತ್ತೆ ಕಾಲಿಡುವ ದಾರಿ ಮಾಡಿಕೊಳ್ಳಬೇಕಿತ್ತು. ಅದು ತಣ್ಣೀರು ಕುಡಿದಷ್ಟು ಸುಲಭವಾಯಿತು. ಕಟ್ಟಡದ ಕೆಳಗಿನ ಟೀ ಅಂಗಡಿಯಲ್ಲಿ ಎದುರಾಗಿ, ತಲೆ ತಗ್ಗಿಸಿ, "ತಪ್ಪಾಯ್ತು ಸಾರ್" ಅಂದ. ಮಾಡದ ತಪ್ಪನ್ನು ಒಪ್ಪಿಕೊಳ್ಳುವಾಗ ನಾಲಿಗೆ ಬೇವು ಅಗಿದಂತಾಯಿತು. ನಿರ್ದೇಶಕ ಬೆನ್ನು ತಟ್ಟಿ, "ಅಯ್ಯೋ ಬಿಡಯ್ಯಾ, ನಾನು ಅದನ್ನ ಮರೆತೇಬಿಟ್ಟೆ. ಮಧ್ಯಾಹ್ನ ಹೊತ್ತು ಬಾ, ಒಬ್ಬನೇ ಇರ್ತೀನಿ, ಹಿಂದಿನ ಮೆಟ್ಟಿಲಲ್ಲಿ ಬಾ, ಮುಂದಿಂದ ಬಂದ್ರೆ ಪತ್ರಿಕೆಯವರು ಕಾಯ್ತಿರ್ತಾರೆ" ಅಂದ. ಹಿಂದಿನ ಮೆಟ್ಟಿಲನ್ನು ಕೂಡ ಅವನೇ ಬಾಯಿಬಿಟ್ಟು ತೋರಿಸಿದ್ದ.

ಆ ಮಧ್ಯಾಹ್ನ ಎಲ್ಲವೂ ಬರೆದಿಟ್ಟಂತೆಯೇ ನಡೆಯಿತು. ನಿರ್ದೇಶಕ ಸೋಫಾದ ಮೇಲೆ ಕೂತು, ಪಾದ ಎತ್ತಿ ಮೇಜಿನ ಮೇಲಿಟ್ಟುಕೊಂಡಿದ್ದ. "ಫ್ರಿಜ್ಜಲ್ಲಿ ರಸ ಇದೆ, ಇಬ್ಬರಿಗೂ ಬಗ್ಗಿಸ್ಕೊಂಡು ಬಾ" ಅಂದ. ದುರ್ಬೀನು ತನಗೆ ಸಕ್ಕರೆ ಕಾಯಿಲೆ ಅಂತ ಹೇಳಿ, ಒಂದೇ ಲೋಟ ಬಗ್ಗಿಸಿದ. ಹೂಜಿಯನ್ನು ಹಿಡಿದದ್ದು ಬಟ್ಟೆಯಲ್ಲಿ. ಜೇಬಿನಲ್ಲಿದ್ದ ನಿದ್ದೆ ಮಾತ್ರೆಗಳ ಪುಡಿ ರಸದಲ್ಲಿ ಕರಗಿ ಹೋಯಿತು. ಲೋಟವನ್ನು ತಂದು ಮೇಜಿನ ಮೇಲಿಟ್ಟ.

ಒಂದು ಅವಕಾಶ ಕೊಡುವುದು ಅಂತ ಅವನು ಮನಸ್ಸಿನಲ್ಲೇ ಹರಕೆ ಹೊತ್ತವನಂತೆ ನಿಶ್ಚಯಿಸಿಕೊಂಡಿದ್ದ. "ಸಾರ್, ಆ ಬ್ಯಾಂಡೇಜು... ನಾನು ಹೇಳಿದ್ದೆ ಅಲ್ವಾ?" ಅಂತ ಕೇಳಿದ.

ನಿರ್ದೇಶಕ ತುಂಟ ಹುಡುಗನ ಹಾಗೆ ಕಣ್ಣು ಮಿಟುಕಿಸಿದ. "ಹೇಳಿದ್ದೆ ಕಣಯ್ಯಾ! ನನಗೆ ಚೆನ್ನಾಗಿ ನೆನಪಿದೆ. ತಪ್ಪು ನಂದೇ."

ದುರ್ಬೀನಿನ ಕೈ ಲೋಟದ ಕಡೆ ಸರಿಯಿತು. ಎತ್ತಿಕೊಂಡು ಹೋಗಿ ಸಿಂಕಿಗೆ ಸುರಿದುಬಿಟ್ಟರೆ ಇಷ್ಟಕ್ಕೇ ಮುಗಿಯುತ್ತದೆ, ಸಂಜೆ ಮನೆಗೆ ಹೋಗಿ ಹೆಂಡತಿಯ ಎದುರು ಕಾಫಿ ಕುಡಿಯಬಹುದು ಅನಿಸಿತು. "ಹಾಗಾದ್ರೆ ಅದನ್ನೇ ಒಂದು ಸಲ ಹೊರಗಡೆ ಹೇಳಿ ಸಾರ್. ಟೀವಿಯಲ್ಲೇ ಬೇಡ, ನಮ್ಮ ನಾಲ್ಕು ಜನದ ಮುಂದೆ ಹೇಳಿದ್ರೂ ಸಾಕು. ನನಗೆ ಕೆಲಸ ಸಿಗುತ್ತೆ."

"ಹುಚ್ಚಾ ನಿಂಗೆ?" ನಿರ್ದೇಶಕ ಹೊಟ್ಟೆ ಕುಲುಕಿಸಿ ನಕ್ಕ. "ಹೋಗಿರೋ ಮರ್ಯಾದೆ ಸಾಲದು ಅಂತ ಇರೋದನ್ನೂ ಕಳ್ಕೊಳ್ಲಾ? ನಿಂಗಾದ್ರೆ ಏನು, ಹೆಸರಿದ್ರೆ ತಾನೆ ಹೋಗೋದು!"

ದುರ್ಬೀನು ಕೈ ಹಿಂದಕ್ಕೆ ತೆಗೆದುಕೊಂಡ. ನಿರ್ದೇಶಕ ಲೋಟ ಎತ್ತಿ ಗಟಗಟ ಕುಡಿದು, "ಇವತ್ತು ಯಾಕೋ ಕಹಿ" ಅಂದ.

"ಸಿಪ್ಪೆ ಸೇರಿರಬೇಕು ಸಾರ್" ಅಂದ ದುರ್ಬೀನು.

ಸಿನಿಮಾದಲ್ಲಾದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಇಲ್ಲಿ ಕಾಯಬೇಕಾಯಿತು. ನಿರ್ದೇಶಕ ಮುಂದಿನ ಸಿನಿಮಾದ ಕತೆ ಹೇಳುತ್ತಾ ಹೇಳುತ್ತಾ ಮಾತು ತೊದಲಿಸಿದ, ಆಕಳಿಸಿದ, "ಸ್ವಲ್ಪ ಕಣ್ಣು ಮುಚ್ಕೋತೀನಿ, ನೀನು ಕೂತಿರು" ಅಂದ. ಆಮೇಲೆ ಕೋಣೆಯಲ್ಲಿ ಕೇಳಿದ್ದು ಪಂಖದ ಸದ್ದು ಮತ್ತು ಅವನ ಗೊರಕೆ. ಗೊರಕೆಗಳ ನಡುವಿನ ಅಂತರ ಹೆಚ್ಚುತ್ತಾ ಹೋಯಿತು. ದುರ್ಬೀನು ಕುರ್ಚಿಯ ತುದಿಯಲ್ಲಿ ಕೂತು ಆ ಹೊಟ್ಟೆಯನ್ನೇ ನೋಡುತ್ತಿದ್ದ. ಅದು ಏರುವುದು ಇಳಿಯುವುದು ಪೂರ್ತಿ ನಿಂತಿತು ಅಂತ ಖಾತ್ರಿಯಾಗುವವರೆಗೆ ನೋಡುತ್ತಲೇ ಇದ್ದ. ಅಳು ಬಂದಂತಾಯಿತು, ಆದರೆ ಅಳಲು ಪುರುಸೊತ್ತಿರಲಿಲ್ಲ.

ಮೇಕಪ್ ಕೋಣೆಯಿಂದ ಎಂದೋ ತಂದಿದ್ದ ತೆಳು ಕೈಗವಸು ಹಾಕಿಕೊಂಡು ಅವನು ಕೆಲಸಕ್ಕಿಳಿದ. ಪುಡಿಯ ಕುರುಹು ಉಳಿಯಬಾರದು ಅಂತ ಲೋಟ ತೊಳೆದ. ಮಾತ್ರೆಗಳನ್ನು ರಸದ ಜೊತೆ ನುಂಗಿದಂತೆ ಕಾಣಬೇಕಲ್ಲ, ಹೂಜಿಯಿಂದ ಲೋಟಕ್ಕೆ ರಸ ಬಗ್ಗಿಸಿದ. ನಿರ್ದೇಶಕನ ಬೆರಳುಗಳನ್ನು ಲೋಟಕ್ಕೆ ಒತ್ತಿ, ಅದರ ಅಂಚನ್ನು ತುಟಿಗೆ ತಾಗಿಸಿ, ಮೇಜಿನ ಮೇಲೆ ಮೊದಲು ಮೂಡಿದ್ದ ಒದ್ದೆ ಉಂಗುರದ ಮೇಲೆಯೇ ಕೂರಿಸಿದ. ಜೊತೆಗೆ ತಂದಿದ್ದ ಖಾಲಿ ಮಾತ್ರೆ ಪಟ್ಟಿಗಳಿಗೂ ಅದೇ ಬೆರಳ ಗುರುತು ಕೊಟ್ಟು ಮೇಜಿನ ಮೇಲಿಟ್ಟ. ಕುರ್ಚಿಯ ಕಾಲುಗಳನ್ನು ಜಮಖಾನದ ಹಳೆಯ ಕುಳಿಗಳಿಗೆ ಸೇರಿಸಿದ. ಹೂಜಿ ಫ್ರಿಜ್ಜಿಗೆ ಹೋಯಿತು. ಸರಿದಿದ್ದ ಪರದೆಯ ಮಡಿಕೆಗಳು ಮೊದಲಿದ್ದ ಹಾಗೆ ಬಂದವು. ಬಾಗಿಲ ಬಳಿ ನಿಂತು, ಕಣ್ಣು ಕಿರಿದು ಮಾಡಿ, ಎಡದಿಂದ ಬಲಕ್ಕೆ ಇಡೀ ಕೋಣೆಯನ್ನು ಒಮ್ಮೆ ಸವರಿ ನೋಡಿದ. ಎಲ್ಲಿಯೂ ಒಂದು ಎಳೆ ಆಚೀಚೆ ಆಗಿರಲಿಲ್ಲ. ಇಷ್ಟು ಚೆಂದದ ಕೆಲಸವನ್ನು ತೋರಿಸಿಕೊಳ್ಳಲು ಇಲ್ಲೂ ಒಬ್ಬರೂ ಇಲ್ಲವಲ್ಲ ಅಂತ ಅವನಿಗೆ ಅನಿಸಿತು.

ಚಿತ್ರಮಂದಿರಕ್ಕೆ ಸರಿಯಾದ ಸಮಯಕ್ಕೆ ಮರಳಿದ. ಬಾಗಿಲು ಕಾಯುವವನನ್ನು ಹಿಡಿದುಕೊಂಡು, "ಏನ್ರೀ ಇದು, ಮಳೇಲಿ ನೆನೆದು ಬಂದವಳ ಚಪ್ಪಲಿ ಒಣಗಿದೆ!" ಅಂತ ಕೂಗಾಡಿದ.

"ಸಾರ್, ಕೈ ಮುಗೀತೀನಿ, ಆ ಚಪ್ಪಲಿ ನಂದಲ್ಲ" ಅಂದ ಅವನು. ಸುತ್ತಲಿದ್ದವರು ನಕ್ಕರು. ಅಷ್ಟು ಜನ ಸಾಕ್ಷಿ ಸಿಕ್ಕಿದ್ದು ದುರ್ಬೀನಿಗೆ ಖುಷಿಯಾಯಿತು.

ಪತ್ರಿಕೆಗಳು ಅವನು ಎಣಿಸಿದ್ದನ್ನೇ ಬರೆದವು. ಸೋಲಿನಿಂದ ನೊಂದಿದ್ದ ನಿರ್ದೇಶಕ, ನಿದ್ದೆ ಮಾತ್ರೆ, ಚಿತ್ರರಂಗದ ಕಂಬನಿ. ಹೆಂಡತಿ ಪತ್ರಿಕೆ ಓದಿ, "ಪಾಪ" ಅಂದಳು. ಅವನು ತಟ್ಟೆ ಸರಿಸಿ ಎದ್ದುಹೋದ. ತನ್ನನ್ನು ಚುಚ್ಚಿದ್ದ ಅದೇ ಮಾತು ಈಗ ಮರುಕವಾಗಿ ಆ ಮನುಷ್ಯನಿಗೆ ಸಂದಿತ್ತು. ಸತ್ತವನ ಬಗ್ಗೆ ಇನ್ನು ಯಾರು ಬ್ಯಾಂಡೇಜಿನ ಸತ್ಯ ಹೇಳುತ್ತಾರೆ? ಹೇಳಬಲ್ಲವನೊಬ್ಬನನ್ನೇ ತಾನು ಮಲಗಿಸಿ ಬಂದೆ ಅನ್ನುವುದು ಆಗ ಹೊಳೆದು, ಅವನು ಬಚ್ಚಲಮನೆಯ ಗೋಡೆಗೆ ಹಣೆ ಆನಿಸಿ ಬಹಳ ಹೊತ್ತು ನಿಂತ.

ಒಂದು ವಾರ ಕಳೆದು ಪೊಲೀಸ್ ಠಾಣೆಯಿಂದ ಕರೆ ಬಂತು. ನಿರ್ದೇಶಕನ ಜೊತೆ ಕೆಲಸ ಮಾಡಿದ್ದವರನ್ನೆಲ್ಲ ಕರೆಸಿ ಮಾತಾಡಿಸುತ್ತಿದ್ದರು. ಇನ್‌ಸ್ಪೆಕ್ಟರ್ ನಡುವಯಸ್ಸಿನ ಹೆಂಗಸು, ದಣಿದ ಮುಖ, ಮೆತ್ತಗಿನ ಮಾತು. ಕೂರಿಸಿ, ತಾವೇ ಮೇಜಿನ ಮೇಲಿನ ಜಗ್ಗಿನಿಂದ ಒಂದು ಗ್ಲಾಸ್ ನೀರು ಬಗ್ಗಿಸಿ ಮುಂದಿಟ್ಟರು. ಬಿಸಿಲಲ್ಲಿ ಬಂದಿದ್ದ ದುರ್ಬೀನು ಒಂದೇ ಉಸಿರಿಗೆ ಕುಡಿದ. ಆ ದಿನ ಎಲ್ಲಿದ್ದಿರಿ ಅಂತ ಕೇಳಿದರು. ಹೇಳಿದ. ಅವರು ತಲೆಯಾಡಿಸಿದರು. "ಚಿತ್ರಮಂದಿರದವನೂ ಅದನ್ನೇ ಹೇಳಿದ. ಚಪ್ಪಲಿ ವಿಷಯ ಹೇಳ್ಕೊಂಡು ಅತ್ತುಬಿಟ್ಟ" ಅಂತ ನಕ್ಕರು.

ಆಮೇಲೆ ಕವರಿನಿಂದ ಫೋಟೋಗಳನ್ನು ತೆಗೆದು ಅವನ ಮುಂದೆ ಹರಡಿದರು. "ನಿಮ್ಮ ಕಣ್ಣು ಬಲು ಚುರುಕು ಅಂತ ಎಲ್ಲರೂ ಹೇಳ್ತಾರೆ. ಆ ಕೋಣೆ ನಿಮಗೆ ಗೊತ್ತು. ಏನಾದ್ರೂ ಹೆಚ್ಚುಕಮ್ಮಿ ಕಾಣುತ್ತಾ ನೋಡಿ ಹೇಳಿ ಸಾರ್."

ಎಷ್ಟೋ ಕಾಲದ ಮೇಲೆ ಯಾರೋ ಅವನ ಕಣ್ಣನ್ನು ನಂಬಿ ಕೇಳಿದ್ದರು. ದುರ್ಬೀನು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಒಂದೊಂದೇ ಫೋಟೋವನ್ನು ಮುಟ್ಟಿ, ಕುರ್ಚಿ, ಜಮಖಾನ, ಪರದೆ ಅಂತ ತನ್ನ ಪಾಡಿಗೆ ಹೇಳಿಕೊಳ್ಳುತ್ತಾ ಹೋದ. ಎದೆ ಉಬ್ಬಿತ್ತು. ಎರಡು ಕೈಗಳೂ ಹಳೆಯ ಲಯಕ್ಕೆ ಬಿದ್ದಿದ್ದವು, ಏನು ಮಾಡುತ್ತಿವೆ ಅನ್ನುವ ಪರಿವೆಯೂ ಅವನಿಗಿರಲಿಲ್ಲ. ಎಲ್ಲ ಮುಗಿಸಿ ತಲೆಯೆತ್ತಿ, "ಎಲ್ಲಾ ಸರಿಯಾಗಿದೆ ಮೇಡಂ. ಒಂದೂ ತಪ್ಪಿಲ್ಲ" ಅಂದ.

"ನನಗೆ ಒಂದು ಮಾತ್ರ ಬಗೆಹರೀತಿಲ್ಲ" ಅಂತ ಅವರು ರಸದ ಲೋಟದ ಮೇಲೆ ಬೆರಳಿಟ್ಟರು. "ಅಷ್ಟು ಮಾತ್ರೆ ನುಂಗಿದಾರೆ, ಲೋಟದಲ್ಲಿ ತುಟಿ ಗುರುತಿದೆ, ಹೊಟ್ಟೇಲಿ ರಸಾನೂ ಇತ್ತು. ಆದ್ರೆ ಲೋಟ ನೋಡಿ, ಒಂದು ಗುಟುಕೂ ಕಮ್ಮಿಯಾಗಿಲ್ಲ. ಕುಡಿದು ಸತ್ತವರಿಗೆ ಮತ್ತೆ ತುಂಬಿಸಿಟ್ಟೋರು ಯಾರು?" ದುರ್ಬೀನು ನೋಡಿದ. ತಳದಲ್ಲಿ ಒಂದಿಷ್ಟು ಉಳಿದಂತಿರಲಿ ಅಂತ ಬಗ್ಗಿಸಲು ಹೊರಟದ್ದು ಅವನ ತಲೆ. ಬಗ್ಗಿಸಿದ್ದು ಕೈ. ಪ್ರತಿ ರೀಟೇಕಿಗೂ ಮೊದಲು, ನಟ ಕುಡಿದಿಟ್ಟ ಲೋಟವನ್ನು ದೃಶ್ಯದ ಆರಂಭದಲ್ಲಿದ್ದಷ್ಟೇ ತುಂಬಿಸಿ ಬಂದ ಕೈ ಅದು, ಆ ಮಧ್ಯಾಹ್ನವೂ ಅಂಚಿನಿಂದ ಒಂದು ಬೆರಳು ಕೆಳಗೆ, ಅದೇ ಮಟ್ಟಕ್ಕೆ ಬಂದು ನಿಂತಿತ್ತು. ಅವನು ಫೋಟೋದಿಂದ ತಲೆಯೆತ್ತಿದ. ಇನ್‌ಸ್ಪೆಕ್ಟರ್ ಈಗ ಫೋಟೋ ನೋಡುತ್ತಿರಲಿಲ್ಲ. ಅವರು ನೋಡುತ್ತಿದ್ದದ್ದು ಅವನ ಮುಂದಿದ್ದ ನೀರಿನ ಗ್ಲಾಸನ್ನು. ಬಂದ ಕೂಡಲೆ ಅವನು ತಳ ಕಾಣುವಂತೆ ಕುಡಿದಿದ್ದ ಆ ಗ್ಲಾಸು, ಅವರು ಮೊದಲು ಕೊಟ್ಟಾಗ ಎಷ್ಟಿತ್ತೋ ಅಷ್ಟೇ ತುಂಬಿ ನಿಂತಿತ್ತು, ಮತ್ತು ಜಗ್ಗಿನ ಹಿಡಿ ಇನ್ನೂ ಅವನ ಕೈಯಲ್ಲೇ ಇತ್ತು.